ಪ್ರಾಧಿಕಾರದ ಮೌನಕ್ಕೆ ಬೆಲೆಯೆಷ್ಟು?

ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಂಡೆಗೆ, ತುಂಗಭದ್ರೆ ಕವಲೊಡೆದು ಸುತ್ತುವರಿದಿರುವ ಜಾಗ ವಿರೂಪಾಪುರ ಗಡ್ಡಿ. ಗುಡಿ ಆ ದಂಡೆಯ ಜಿಲ್ಲೆಗೆ, ಗಡ್ಡಿ ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ. ಪ್ರವಾಸಿಗರ ಬಾಯಲ್ಲಿ ಅದು ಬಹುಕಾಲ 'ಹಿಪ್ಪಿ ಐಲ್ಯಾಂಡ್' ಆಗಿತ್ತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅಲ್ಲಿನ ಹೋಟೆಲು, ಗೆಸ್ಟ್‌ಹೌಸುಗಳು ಅಕ್ರಮವೆಂದು ತೀರ್ಪು ಕೊಟ್ಟಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಗಡ್ಡಿಗೆ ಇಳಿದವು. ತೀರ್ಪಿಗೆ ಆಧಾರವಾದದ್ದು 1988ರ ಒಂದು ಅಧಿಸೂಚನೆ. ಆ ಅಧಿಸೂಚನೆ ಸ್ಮಾರಕಗಳನ್ನಷ್ಟೇ ರಕ್ಷಿಸುತ್ತದೆ ಎಂಬುದು ಕಟ್ಟಿಕೊಂಡವರ ವಾದ. ಇಡೀ ಗಡ್ಡಿಯನ್ನೇ ರಕ್ಷಿಸುತ್ತದೆ ಎಂಬುದು ಪ್ರಾಧಿಕಾರದ ವಾದ. ಕೋರ್ಟು ಎರಡನೆಯದನ್ನು ಒಪ್ಪಿತು.

ಕಾನೂನಿನ ಕಣ್ಣಿನಿಂದ ನೋಡಿದರೆ ಆ ತೀರ್ಪು ಸರಿಯೆಂದೇ ನನಗನ್ನಿಸುತ್ತದೆ. ನನ್ನನ್ನು ಕಾಡುವುದು 1988ಕ್ಕೂ 2020ಕ್ಕೂ ನಡುವಿನ ಮೂವತ್ತೆರಡು ವರ್ಷ. ಒಂದು ತಲೆಮಾರು ಹುಟ್ಟಿ, ಮದುವೆಯಾಗಿ, ಮಕ್ಕಳನ್ನು ಹೆತ್ತು ಮುಗಿಸುವಷ್ಟು ಕಾಲ. ಅಷ್ಟು ಕಾಲ ಒಂದು ನಿಯಮ ಕಾಗದದಲ್ಲಿದ್ದು, ಅದಕ್ಕೆ ವಿರುದ್ಧವಾದ ಬದುಕು ಹಾಡಹಗಲೇ ಎಲ್ಲರ ಕಣ್ಣೆದುರು ನಡೆದಿದ್ದರೆ, ಆ ನಿಯಮ ಕಾಯಬೇಕಾದವರ ಸುಮ್ಮನಿರುವಿಕೆಗೆ ಏನಾದರೂ ಅರ್ಥವಿದೆಯೇ? ಮೌನ ಸಮ್ಮತಿಯ ಲಕ್ಷಣ ಎನ್ನುತ್ತೇವೆ. ಮದುವೆ ಮಾತುಕತೆಯಲ್ಲಿ ಹೆಣ್ಣುಮಕ್ಕಳ ಮೌನವನ್ನು ಹಾಗೆ ಓದಿ ನಾವು ಮಾಡಿದ ಅನ್ಯಾಯ ಸಣ್ಣದಲ್ಲ, ಆದ್ದರಿಂದ ಆ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಆದರೆ ಬಲವಿಲ್ಲದವರ ಮೌನ ಬೇರೆ, ಬಲವುಳ್ಳವರ ಮೌನ ಬೇರೆ. ಮಾತಾಡುವುದೇ ಕೆಲಸವಾಗಿರುವ ಸಂಸ್ಥೆಯೊಂದು ಮಾತಾಡದಿದ್ದರೆ ಅದನ್ನು ಏನೆಂದು ಓದಬೇಕು?

ಮೌನ ಪೂರ್ತಿ ಮೌನವಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ನೋಟಿಸುಗಳು ಹೋದವು, ಕೇಸುಗಳು ನಡೆದವು, 2015ರಲ್ಲಿ ಹೈಕೋರ್ಟ್ ಪ್ರಾಧಿಕಾರದ ಪರ ನಿಂತಿತು. ಆದರೂ ಸರ್ಕಾರ ಒಂದು ಬಾಯಿಂದ 'ಕೂಡದು' ಎನ್ನುತ್ತ ಇನ್ನೊಂದು ಕೈಯಿಂದ ಪ್ರವಾಸಿಗರನ್ನು ಕರೆಯುತ್ತಿದ್ದಾಗ, ನದಿ ದಾಟಿಸುವ ದೋಣಿಯಲ್ಲಿ ಕೂತವನಿಗೆ ಕೇಳಿಸಿದ್ದು ಯಾವುದು?

ನಗರ ಯೋಜನೆಯ ಪ್ರಾಧಿಕಾರ ಎಂಬುದು ನಮ್ಮಲ್ಲಿ ಹುಟ್ಟಿದ್ದೇ ಒಂದು ಭಯದಿಂದ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1898ರಲ್ಲಿ ಅಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಹೊತ್ತಿನಲ್ಲೇ. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. 1908ರ ಮೂಸಿ ನದಿಯ ಪ್ರವಾಹದ ನಂತರ, 1912ರಲ್ಲಿ, ಹೈದರಾಬಾದಿಗೂ ಅಂಥದ್ದೊಂದು ಮಂಡಳಿ ಬಂತು. ನಾವು ಆಗ ನಿಜಾಮರ ಪ್ರಜೆಗಳೇ, ಆದರೆ ಆ ಮಂಡಳಿಯ ಗಾಳಿ ರಾಜಧಾನಿ ದಾಟಿ ರಾಯಚೂರು ಸೀಮೆಯವರೆಗೆ ಬೀಸಿದ್ದು ಕಾಣೆ. ಇವೆಲ್ಲವುಗಳ ಹುಟ್ಟಿನಲ್ಲೇ ಎರಡು ಗುಣಗಳಿವೆ. ಒಂದು, ನಾಳೆಯ ಬಗ್ಗೆ ಕಾಳಜಿ. ಇನ್ನೊಂದು, ಆ ನಾಳೆಗಾಗಿ ಇವತ್ತು ಮನೆ ಕೆಡವುವ ಅಧಿಕಾರ. ಬೆಂಗಳೂರಿನ ಟ್ರಸ್ಟ್ ಬೋರ್ಡ್ 1945ರಲ್ಲಿ ಬಂದು 1976ರಲ್ಲಿ ಬಿಡಿಎ ಆಯಿತು. ಇಡೀ ರಾಜ್ಯಕ್ಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಬಂದವು. ಹೆಸರು ಬದಲಾದರೂ ಆ ಎರಡು ಗುಣ ಹಾಗೇ ಉಳಿದವು.

ಹಂಪಿಯದು ಈ ವಂಶದಲ್ಲಿ ವಿಚಿತ್ರ ಕೂಸು. ಉಳಿದ ಪ್ರಾಧಿಕಾರಗಳು ನಾಳೆಗಾಗಿ ಇವತ್ತನ್ನು ಕೆಡವಿದರೆ, ಇದು ನಿನ್ನೆಗಾಗಿ ಇವತ್ತನ್ನು ತಡೆಯುತ್ತದೆ. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿ ಅದರ ಹೆಸರು 'ಹಂಪಿಯ ಸ್ಮಾರಕಗಳ ಸಮೂಹ'. ಹೆಸರಿನಲ್ಲಿ ಊರಿಲ್ಲ, ಗದ್ದೆಯಿಲ್ಲ, ವಿಜಯನಗರದ ಕಾಲದಿಂದ ಇಂದಿನವರೆಗೆ ಬಾಳೆ, ಭತ್ತಕ್ಕೆ ನೀರುಣಿಸುತ್ತಿರುವ ಕಾಲುವೆಗಳಿಲ್ಲ, ಜನ ಅಂತೂ ಇಲ್ಲವೇ ಇಲ್ಲ. 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಕಾರಣ ಯಾವ ಹಳ್ಳಿಯವನ ಗುಡಿಸಲೂ ಅಲ್ಲ. ನದಿಗೆ ಸರ್ಕಾರವೇ ಕಟ್ಟಿಸುತ್ತಿದ್ದ ತೂಗುಸೇತುವೆಗಳು. ಒಂದು ಆನೆಗೊಂದಿಯನ್ನು ಎದುರು ದಂಡೆಯ ತಳವಾರಘಟ್ಟಕ್ಕೆ ಕೂಡಿಸುವ ವಾಹನ ಸೇತುವೆ, ಇನ್ನೊಂದು ವಿರೂಪಾಪುರ ಗಡ್ಡಿಯ ಕಾಲುಸೇತುವೆ. ಆ ಗದ್ದಲದ ಫಲವಾಗಿ 2002ರ ಕಾಯ್ದೆ ಬಂತು, ಅದರಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಪತ್ರಿಕೆಗಳಲ್ಲಿ ಇದರ ಚಿಕ್ಕ ಹೆಸರು 'ಹವಾಮಾ'. ನದಿಯ ಎರಡೂ ದಂಡೆಗಳ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರ್ ಇದರ ಹಿಡಿತಕ್ಕೆ ಬಂದವು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು.

ಸೇತುವೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಗಡ್ಡಿಯ ಕಾಲುಸೇತುವೆಯನ್ನು ತೆಗೆದುಹಾಕಿದರು. ಆನೆಗೊಂದಿಯದು ವರ್ಷಗಟ್ಟಲೆ ಅರ್ಧಕ್ಕೆ ನಿಂತಿತು, ಮತ್ತೆ ಕೆಲಸ ಶುರುವಾಯಿತು, 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಬಹಳ ಕಾಲದ ನಂತರ ಕಡೇಬಾಗಿಲು–ಬುಕ್ಕಸಾಗರದ ನಡುವೆ ಬೇರೆ ಸೇತುವೆ ಬಂತು. ಅಲ್ಲಿಯತನಕ ಆನೆಗೊಂದಿಯವರಿಗೆ ಹೊಳೆ ದಾಟಲು ಹರಿಗೋಲೇ ಗತಿ. ಹೊಳೆ ತುಂಬಿದರೆ ಎದುರಿಗೆ ಕಣ್ಣಿಗೆ ಕಾಣುವ ಊರಿಗೆ ಹತ್ತಾರು ಕಿಲೋಮೀಟರ್ ಸುತ್ತಿ ಹೋಗಬೇಕು. ನೋಟ ಕೆಡಬಾರದು ಎನ್ನುವುದಕ್ಕೆ ತೆತ್ತ ಬೆಲೆ ಇದು. ತೆತ್ತವರು ನೋಡಲು ಬಂದವರಲ್ಲ.

ಈಗ ಮೌನದ ಪ್ರಶ್ನೆಗೆ ಬರುತ್ತೇನೆ. ಪ್ರಾಧಿಕಾರದ ಗಡಿಯೊಳಗಿನ ಒಂದು ಹಳ್ಳಿಯಲ್ಲಿ ಅಕ್ಕಪಕ್ಕದ ಮೂರು ಮನೆಯವರನ್ನು ಊಹಿಸಿಕೊಳ್ಳಿ. ಮೊದಲನೆಯವನು ಯಾರನ್ನೂ ಕೇಳದೆ ತೋಟದಲ್ಲಿ ಹತ್ತು ಖೋಲಿ ಕಟ್ಟಿ ಬಾಡಿಗೆಗೆ ಬಿಟ್ಟ. ಎರಡನೆಯವನಿಗೆ ಮಗನ ಮದುವೆ ಹೊತ್ತಿಗೆ ಒಂದು ಖೋಲಿ ಬೇಕಿತ್ತು. ಉತಾರ, ನಕ್ಷೆ ಎಲ್ಲ ಹಿಡಿದು ಅರ್ಜಿ ಹಾಕಿದ, ಸ್ವೀಕೃತಿ ಚೀಟಿ ಇಸಿದುಕೊಂಡ, ಕಾದ. ಮೂರನೆಯವನಿಗೂ ಖೋಲಿ ಬೇಕಿತ್ತು, ಆದರೆ 'ಅಲ್ಲೆಲ್ಲ ಕೇಳಿದ್ರೂ ಕೊಡಂಗಿಲ್ಲ' ಎಂಬ ಮಾತು ಕೇಳಿ ಅರ್ಜಿಯನ್ನೇ ಹಾಕಲಿಲ್ಲ. ಮಾಳಿಗೆ ಮನೆ ಸೋರುತ್ತಿತ್ತು, ಮೇಲೆ ತಗಡು ಹೊದಿಸಿಕೊಂಡು ಸುಮ್ಮನಾದ.

ಪ್ರಾಧಿಕಾರ ಮೂವರ ಮುಂದೆಯೂ ಮೌನವಾಗಿದೆ ಎಂದುಕೊಳ್ಳೋಣ. ಆದರೆ ಮೂರೂ ಒಂದೇ ಮೌನವಲ್ಲ. ಮೊದಲನೆಯವನಿಗೆ ಅದು ಲಾಭ. ಎರಡನೆಯವನಿಗೆ ಅದು ಹೆಸರಿಲ್ಲದ ನಿರಾಕರಣೆ. ಮೂರನೆಯವನಿಗೆ ಅದು ಗೋಡೆಯಂತೆ, ಹುಟ್ಟಿದಾಗಿನಿಂದ ಅಲ್ಲೇ ಇದೆ. ಕೆಡವುವ ದಿನ ಟಿವಿಯವರ ಕ್ಯಾಮೆರಾ ಮೊದಲನೆಯವನ ಮನೆ ಮುಂದೆ ನಿಲ್ಲುತ್ತದೆ, ನಮ್ಮ ಮರುಕವೂ ಅಲ್ಲೇ ನಿಲ್ಲುತ್ತದೆ. 'ಇಷ್ಟು ವರ್ಷ ಸುಮ್ಮನಿದ್ದು ಈಗ ಕೆಡವಿದರಲ್ಲ' ಎಂಬ ಅವನ ದೂರಿನಲ್ಲಿ ನಿಜವಿದೆ. ಆದರೆ ಆ ದೂರನ್ನು ಪೂರ್ತಿ ಒಪ್ಪಿದರೆ ಉಳಿದಿಬ್ಬರಿಗೆ ನಾವು ಹೇಳಬೇಕಾದ್ದೇನು? ಕಾದು ಕೆಟ್ಟೆ, ನೀನೂ ಕಟ್ಟಬೇಕಿತ್ತು ಎಂದೇ? ಕಟ್ಟಿದವನ ಜೊತೆಗಿನ ದಯೆ ಕಟ್ಟದವನಿಗೆ ಮಾಡುವ ಅವಮಾನವಾಗಬಲ್ಲದು. ನನ್ನ ಮಟ್ಟಿಗೆ ಪ್ರಾಧಿಕಾರದ ಮೌನದಿಂದ ಹೆಚ್ಚು ಅನ್ಯಾಯಕ್ಕೆ ಒಳಗಾದವನು ಸ್ವೀಕೃತಿ ಚೀಟಿ ಹಿಡಿದು ಕೂತ ಆ ಎರಡನೆಯವನೇ. ಅವನು ಪ್ರಾಧಿಕಾರವನ್ನು ನಂಬಿದ. ಅದರ ಅಧಿಕಾರಕ್ಕೆ ಅರ್ಥ ಬಂದದ್ದೇ ಅವನು ಕೇಳಿದ್ದರಿಂದ.

ಕುತೂಹಲದ ಸಂಗತಿಯೆಂದರೆ ನಮ್ಮ ಕಾನೂನಿಗೇ ಇದು ಗೊತ್ತಿದೆ. 1961ರ ಯೋಜನಾ ಕಾಯ್ದೆಯ 15ನೇ ಕಲಂ ಓದಿ: ಅರ್ಜಿ ಸ್ವೀಕರಿಸಿದ ಮೂರು ತಿಂಗಳೊಳಗೆ ಯೋಜನಾ ಪ್ರಾಧಿಕಾರ ಉತ್ತರ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಭಾವಿಸಬೇಕು. ಮೌನ ಸಮ್ಮತಿಯ ಲಕ್ಷಣ ಎಂಬ ಗಾದೆಗೆ ಶಾಸನಸಭೆ ಮೂರು ತಿಂಗಳ ಗಡುವು ಹಾಕಿ ಮುದ್ರೆಯೊತ್ತಿದೆ. ಗಮನಿಸಿ, ಈ ಕಲಂ ಕೇಳಿದವನಿಗೆ ಮಾತ್ರ, ಕೇಳದೆ ಕಟ್ಟಿದವನಿಗಲ್ಲ. ಎಷ್ಟು ಸೂಕ್ಷ್ಮ ವಿವೇಕವಿದು! ಆದರೆ ಸ್ಮಾರಕದ ಕಾನೂನು ಬಂದು ಕೂತ ಕಡೆ ಈ ವಿವೇಕ ಸಾಲುವುದಿಲ್ಲ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಹಂಪಿ, ಆನೆಗೊಂದಿಯಂಥ ಊರಲ್ಲಿ ಒಂದು ಗುಡಿಯ 300 ಮೀಟರ್ ಮುಗಿಯುವಷ್ಟರಲ್ಲಿ ಇನ್ನೊಂದು ಮಂಟಪದ್ದು ಶುರುವಾಗಿರುತ್ತದೆ. ಅಲ್ಲಿ ಅನುಮತಿ ಕಾಗದ ಕೈಗೆ ಬರದೆ ಇಟ್ಟಿಗೆ ಇಡುವಂತಿಲ್ಲ.

ಇನ್ನೊಂದು ಕಾಯ್ದೆ ಮೌನಕ್ಕೆ ಬೆಲೆಯನ್ನೇ ಕಟ್ಟಿತು. 2011ರ ಸಕಾಲ ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅಂದರೆ ಇಪ್ಪತ್ತೈದನೆಯ ದಿನದ ಹೊತ್ತಿಗೆ ಪರಿಹಾರ ತೀರಿಹೋಗುತ್ತದೆ. ಅದರ ನಂತರದ ಮೌನ ಪುಕ್ಕಟೆ. ನಗಬೇಕೆನಿಸುತ್ತದೆ, ಆದರೂ ತಡ ಎನ್ನುವುದು ಒಂದು ನಷ್ಟ, ಅದಕ್ಕೆ ಯಾರೋ ಹೊಣೆ ಎಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ರಾಜಧಾನಿಯಲ್ಲಿ ಇದೇ ಮೌನ ಏನಾಯಿತು ನೋಡಿ. 2007ರಲ್ಲಿ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು 'ಅಕ್ರಮ ಸಕ್ರಮ' ಮಾಡಹೊರಟರು. ಮನೆಯಾದರೆ ಶೇ 50ರವರೆಗಿನ, ವಾಣಿಜ್ಯ ಕಟ್ಟಡವಾದರೆ ಶೇ 25ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ. ಹೈಕೋರ್ಟ್ 2016ರಲ್ಲಿ ಒಪ್ಪಿತು, ಸುಪ್ರೀಂ ಕೋರ್ಟ್ 2017ರಲ್ಲಿ ತಡೆಯಾಜ್ಞೆ ಕೊಟ್ಟಿತು. ಯೋಜನೆ ನಿಂತಿತೆಂಬುದು ಬೇರೆ ಮಾತು; ಸರ್ಕಾರದ ಮನಸ್ಸು ಎತ್ತ ಎಂಬುದು ಅದರಲ್ಲಿ ಕಂಡಿತು. ಬೆಂಗಳೂರಿನಲ್ಲಿ ಮೌನ ಕೊನೆಗೊಂದು ಚಲನ್ ಆಗಬಹುದು, ಹೊಳೆದಂಡೆಯಲ್ಲಿ ಅದು ಜೆಸಿಬಿ ಆಗುತ್ತದೆ. ಪರಂಪರೆಯ ತಾಣಕ್ಕೆ ಬಿಗಿ ಹೆಚ್ಚಿರಬೇಕು ನಿಜ. ಆದರೆ ಬಿಗಿ ಹೆಚ್ಚಿದ್ದಲ್ಲಿ ಮಾತೂ ಬೇಗ ಬರಬೇಕಲ್ಲ? ನಡೆದದ್ದು ತಿರುವುಮುರುವು.

'ಅಧಿಕಾರ' ಎಂಬ ಮಾತು ಇವತ್ತು ನಮಗೆ ದರ್ಪದ ವಾಸನೆ ಹೊಡೆಯುತ್ತದೆ. ಮೀಮಾಂಸಕರಿಗೆ ಅದು ಬೇರೆಯೇ ಅರ್ಥ ಕೊಡುತ್ತಿತ್ತು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ತುಂಬ ಇದೇ ಚರ್ಚೆ: ಒಂದು ಕರ್ಮ ಮಾಡಲು ಯಾರಿಗೆ ಅಧಿಕಾರ? ಅವರ ಉತ್ತರದ ಸಾರ ಹೀಗೆ: ಯಾರು ಅದರ ಫಲ ಬಯಸುತ್ತಾನೋ, ಫಲ ಯಾರಿಗೆ ಸೇರುತ್ತದೋ, ಅದಕ್ಕೆ ಬೇಕಾದ ಸಾಮರ್ಥ್ಯ ಯಾರಿಗಿದೆಯೋ ಅವನು ಅಧಿಕಾರಿ, ಕಷ್ಟವೂ ಅವನದೇ, ಖರ್ಚೂ ಅವನದೇ. ಆ ಅಧ್ಯಾಯದಲ್ಲಿ ಯಾರ್ಯಾರನ್ನು ಹೊರಗಿಟ್ಟರು ಎಂಬುದು ಗೊತ್ತಿರುವುದರಿಂದ ಅದನ್ನು ಆದರ್ಶವೆಂದು ಎತ್ತಿ ಹಿಡಿಯುತ್ತಿಲ್ಲ. ಆದರೆ ಫಲ, ಹೊರೆ, ಅಧಿಕಾರ ಮೂರೂ ಒಂದೇ ಕಡೆ ಇರಬೇಕೆಂಬ ಆ ಹಟ ನನಗೆ ಉಪಯೋಗಕ್ಕೆ ಬರುತ್ತದೆ. ಹಂಪಿಯಲ್ಲಿ ಈ ಮೂರೂ ಮೂರು ದಿಕ್ಕಿಗಿವೆ. ಅಧಿಕಾರ ಕಚೇರಿಯಲ್ಲಿ, ಹೊರೆ 29 ಹಳ್ಳಿಗಳ ಮೇಲೆ, ಫಲ 'ಸಮಸ್ತ ಮಾನವಕುಲ'ಕ್ಕೆ.

ಇದೇ ಹೊಳೆಗೆ ಮೇಲ್ಗಡೆ ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ ಹತ್ತಾರು ಹಳ್ಳಿ ಮುಳುಗಿದವು. ಆ ಸಂಕಟ ದೊಡ್ಡದು, ಪರಿಹಾರ ಸಾಲದ್ದು. ಆದರೆ ಫಲ ಉಂಡವರು ಕಣ್ಣಿಗೆ ಕಾಣುತ್ತಿದ್ದರು: ಗಂಗಾವತಿಯ ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು. ಮುಳುಗಿದವನ ಮೊಮ್ಮಗ ಬಸ್ಸು ಹತ್ತಿ ಬಂದು 'ನಮ್ಮ ಊರು ಮುಳುಗಿದ್ದಕ್ಕೇ ನಿಮ್ಮ ಗದ್ದೆ ಹಸಿರಾದದ್ದು' ಎಂದು ಜಗಳವನ್ನಾದರೂ ಆಡಬಹುದು. ಸಮಸ್ತ ಮಾನವಕುಲಕ್ಕೆ ವಿಳಾಸವಿಲ್ಲ. ಅದು ವರ್ಷಕ್ಕೊಮ್ಮೆ ಬಂದು, ಫೋಟೊ ತೆಗೆದುಕೊಂಡು, 'ಇಲ್ಲಿ ಏನೂ ಬದಲಾಗಬಾರದು' ಎಂದು ಹಾರೈಸಿ ಹೋಗುತ್ತದೆ.

ಹಾಗಾದರೆ ಸತ್ತವರಿಗೆ, ಹುಟ್ಟದವರಿಗೆ ನಾವೇನೂ ಬಾಕಿಯಿಲ್ಲವೇ? 1789ರಲ್ಲಿ ಥಾಮಸ್ ಜೆಫರ್ಸನ್ ಗೆಳೆಯ ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ ಭೂಮಿ ಬದುಕಿರುವವರದು, ಸತ್ತವರಿಗೆ ಅದರ ಮೇಲೆ ಹಕ್ಕಿಲ್ಲ ಎಂದು ವಾದಿಸಿದ. ಮರುವರ್ಷವೇ ಎಡ್ಮಂಡ್ ಬರ್ಕ್ ಸಮಾಜವೆಂದರೆ ಸತ್ತವರು, ಬದುಕಿರುವವರು, ಇನ್ನೂ ಹುಟ್ಟದವರು ಕೂಡಿದ ಪಾಲುದಾರಿಕೆ ಎಂದು ಬರೆದ. ಹಂಪಿಯಲ್ಲಿ ನಿಂತು ನೋಡಿದರೆ ಬರ್ಕ್ ಹೆಚ್ಚು ಸರಿಯೆನಿಸುತ್ತಾನೆ. ಆ ಬಂಡೆ, ಗುಡಿ, ಕಾಲುವೆಗಳನ್ನು ಒಂದು ತಲೆಮಾರಿನ ಬಾಡಿಗೆ ಲಾಭಕ್ಕೆ ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲ. ಆದರೆ ಪಾಲುದಾರಿಕೆ ಎಂದ ಮೇಲೆ ಲೆಕ್ಕದ ಪುಸ್ತಕ ಬೇಕು. ಸತ್ತವರು ಬಂಡವಾಳ ಹಾಕಿಹೋದರು, ಹುಟ್ಟದವರಿಗೆ ಲಾಭ ಕಾದಿದೆ, ಬದುಕಿರುವವರಲ್ಲಿ ಕೆಲವರು ಮಾತ್ರ ಖರ್ಚು ಹೊರುತ್ತಿದ್ದಾರೆ. ಬರ್ಕ್‌ಗೆ ಈ 'ಕೆಲವರು' ಕಾಣಲಿಲ್ಲ.

2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಕಡ್ಡಿರಾಂಪುರದ ಬಳಿ ನಿವೇಶನ ತೋರಿಸಿದರು. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ಕಲ್ಲಿಗೆ ಅಪಾಯವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ. ರಾಯರ ಕಾಲದಲ್ಲಿ ಅಲ್ಲಿ ಜನ ಕೊಂಡರು, ಮಾರಿದರು. ಜನರಿದ್ದ ಬಜಾರನ್ನು ಉಳಿಸಲು ಬಜಾರಿನ ಜನರನ್ನು ತೆಗೆದರೆ ಉಳಿಸಿದ್ದು ಯಾವುದನ್ನು? ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ನ ನಳಿನಿ ಠಾಕೂರ್ ಅವರ ನೇತೃತ್ವದಲ್ಲಿ ಹಂಪಿಗೊಂದು ಸಮಗ್ರ ನಿರ್ವಹಣಾ ಯೋಜನೆ ತಯಾರಾಗಿತ್ತು. ಸ್ಮಾರಕ, ಊರು, ಹೊಲ, ನೀರು ಎಲ್ಲವನ್ನೂ ಒಟ್ಟಿಗೆ ನೋಡುವ ಪ್ರಯತ್ನ ಅದು. ಯುನೆಸ್ಕೊ ಇಟ್ಟ ಹೆಸರಿನಲ್ಲಿ ಬಿಟ್ಟುಹೋದದ್ದೆಲ್ಲ ಇಂಥ ಕಾಗದದೊಳಕ್ಕೆ ಬಂದಿತ್ತು. ಕಾಗದದಿಂದ ನೆಲಕ್ಕೆ ಇಳಿಯುವ ದಾರಿಯೇ ದೂರ.

ಇಲ್ಲಿ ಯಾರಾದರೂ ಕೇಳಬಹುದು, ಪ್ರಾಧಿಕಾರವೇ ಇಲ್ಲದಿದ್ದರೆ ಚೆನ್ನಲ್ಲವೇ ಎಂದು. ಅದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕಣ್ಣು ಬೇಕೆನ್ನುವಷ್ಟು ಕುಸುರಿ ಕೆಲಸ ಕನಕಾಚಲಪತಿ ಗುಡಿಯಲ್ಲಿದೆ. ಆದರೆ ಕನಕಗಿರಿಗೆ ವಿಶ್ವ ಮೌಲ್ಯದ ಸರ್ಟಿಫಿಕೇಟ್ ಇಲ್ಲ, ಹವಾಮಾದಂಥ ಪ್ರಾಧಿಕಾರವೂ ಇಲ್ಲ. ನಾಯಕರ ಕಾಲದ ಊರು ತನ್ನಷ್ಟಕ್ಕೆ ಬೆಳೆಯುತ್ತಿದೆ, ಹಳೆಯದು ತನ್ನಷ್ಟಕ್ಕೆ ಸವೆಯುತ್ತಿದೆ. ಯಾರೂ ತಡೆಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅದೂ ಒಂದು ಮೌನವೇ. ಹೊಳೆದಂಡೆಯವರು ನೋಟಿಸಿಗೆ ಹೆದರುತ್ತಾರೆ. ನಮ್ಮವರಿಗೆ ನೋಟಿಸು ಕಳಿಸುವಷ್ಟು ಕೂಡ ಯಾರಿಗೂ ನಾವು ಮುಖ್ಯರಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಪ್ರಾಧಿಕಾರವನ್ನೇ ಆರಿಸುತ್ತೇನೆ, ಅದು ಮಾತಾಡುವುದಾದರೆ.

ಮಾತಾಡುವುದೆಂದರೆ ಒಪ್ಪುವುದೆಂದು ನನ್ನ ಅರ್ಥವಲ್ಲ. 'ಇಲ್ಲ' ಎನ್ನುವ ಹಕ್ಕು ಪ್ರಾಧಿಕಾರಕ್ಕಿದೆ, ಹಲವು ಸಲ 'ಇಲ್ಲ' ಎನ್ನುವುದೇ ಅದರ ಧರ್ಮ. ಆದರೆ ಆ 'ಇಲ್ಲ' ಕನ್ನಡದಲ್ಲಿರಬೇಕು, ಬರಹದಲ್ಲಿರಬೇಕು, ತಾರೀಕು ಹಾಕಿರಬೇಕು, ಕಾರಣ ಹೇಳಿರಬೇಕು. ಒಂದು ಖೋಲಿಗೂ ಒಂದು ರೆಸಾರ್ಟಿಗೂ ಇರುವ ವ್ಯತ್ಯಾಸ ಅದರಲ್ಲಿ ಕಾಣಬೇಕು. ಇಲ್ಲಿ ಕೂಡದು ಎಂದರೆ ಎಲ್ಲಿ ಕೂಡುತ್ತದೆ, ಎಷ್ಟು ಎತ್ತರಕ್ಕೆ, ಯಾವ ಮಾಳಿಗೆ ಹಾಕಿ ಎಂದು ಹೇಳಬೇಕು. ಬೆಂಗಳೂರಿನಲ್ಲಿ ರಸ್ತೆಗೆ ಜಾಗ ಬಿಟ್ಟುಕೊಟ್ಟವನಿಗೆ ಅಭಿವೃದ್ಧಿ ಹಕ್ಕಿನ ಪತ್ರ ಸಿಗುತ್ತದೆ, ಟಿಡಿಆರ್ ಎನ್ನುತ್ತಾರೆ, ಅವನು ಅದನ್ನು ಮಾರಿಕೊಳ್ಳಬಹುದು. ಆನೆಗೊಂದಿಯ ರೈತ ಇಡೀ ಜಗತ್ತಿಗಾಗಿ ತನ್ನ ಮನೆಯ ಮೇಲಿನ ಆಕಾಶವನ್ನೇ ಬಿಟ್ಟುಕೊಟ್ಟಿದ್ದಾನೆ. ಅಂಥ ಪತ್ರ ಅವನಿಗೆ ಕೊಟ್ಟರೂ ಅಲ್ಲಿ ಕೊಳ್ಳುವವರಿಲ್ಲ. ಹಾಗಾದರೆ ಅದರ ಬದಲಿಗೆ ಏನು? ಟಿಕೆಟ್ಟಿನ ದುಡ್ಡಿನಲ್ಲಿ ಪಾಲೇ, ಸೋರುವ ಮಾಳಿಗೆ ದುರಸ್ತಿಗೆ ನೆರವೇ? ಇದನ್ನು ಕೇಳಬೇಕಾದ್ದು ಅರ್ಜಿದಾರನಲ್ಲ, ಪ್ರಾಧಿಕಾರವೇ ಮೊದಲು ಎತ್ತಬೇಕಾದ ಮಾತು.

ಆನೆಗೊಂದಿಯ ಪಕ್ಕದಲ್ಲೇ ಅಂಜನಾದ್ರಿ ಬೆಟ್ಟವಿದೆ, 575 ಮೆಟ್ಟಿಲು. 2022ರ ರಾಜ್ಯ ಬಜೆಟ್‌ನಲ್ಲಿ ಅದರ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಬರುವ ಭಕ್ತರಿಗೆ ಸೌಕರ್ಯ ಬೇಕು, ಸರಿ. ಬೆಟ್ಟದ ಬುಡದಲ್ಲಿ ಸರ್ಕಾರ ಏನೇ ಕಟ್ಟಲಿ, ಅದರ ನಕ್ಷೆಯೂ ಆ ಎರಡನೆಯವನ ಅರ್ಜಿ ಇರುವ ಮೇಜಿಗೇ ಬರಬೇಕು. ಸರ್ಕಾರದ ಕಡತಕ್ಕೆ ಉತ್ತರ ಎಷ್ಟು ದಿನದಲ್ಲಿ ಬಂತು, ಒಂದು ಖೋಲಿಯ ಅರ್ಜಿಗೆ ಎಷ್ಟು ದಿನದಲ್ಲಿ ಬಂತು ಎಂಬುದನ್ನು ಯಾರಾದರೂ ಪಕ್ಕಪಕ್ಕ ಇಟ್ಟು ನೋಡಬೇಕು.